ಬ್ರೂಜ್‌ನಿಂದ ಗೆಂಟ್‌ಗೆ ಸೈಕಲ್ಲಿನಲ್ಲಿ ಒಂದು ದಿನ: ಗಾಳಿ, ಕಾಲುವೆ, ಕಲ್ಲುಹಾಸು

ಬೆಲ್ಜಿಯಂನ ಬ್ರೂಜ್ ಮತ್ತು ಗೆಂಟ್ ಎರಡೂ ಮಧ್ಯಯುಗದ ಬಟ್ಟೆ ವ್ಯಾಪಾರದಿಂದ ಮೈತುಂಬಿಕೊಂಡ ಊರುಗಳು. ನಡುವೆ ಸುಮಾರು 50 ಕಿ.ಮೀ. ಉದ್ದದ ಸೈಕಲ್ ದಾರಿ. ಹೆಚ್ಚಿನ ಭಾಗ ಕಾಲುವೆಯ ದಂಡೆಯ ಮೇಲೆಯೇ ಸಾಗುತ್ತದೆ, ಸೇತುವೆ ಏರುವುದನ್ನು ಬಿಟ್ಟರೆ ಚಡಾವು ಅನ್ನುವುದು ಹೆಸರಿಗೂ ಇಲ್ಲ. ನಕ್ಷೆ ನೋಡಿದವರಿಗೆ ಮೂರು ಗಂಟೆಯ ಕೆಲಸ ಅನ್ನಿಸುತ್ತದೆ. ಗಾಳಿ ಕೈಹಿಡಿದರೆ ಅದು ನಿಜವೂ ಹೌದು. ಗಾಳಿ ಎದುರಾದರೆ ಅದೇ ದಾರಿ ಐದು ಗಂಟೆ ತಿನ್ನುತ್ತದೆ. ಆದ್ದರಿಂದ ಯಾವ ಊರಿನಿಂದ ಹೊರಡಬೇಕು ಅನ್ನುವುದನ್ನು ಹಿಂದಿನ ರಾತ್ರಿ ಗಾಳಿ ನೋಡಿ ತೀರ್ಮಾನಿಸುವುದು ಈ ದಿನದ ಮೊದಲ ಕೆಲಸ.

ಗಾಳಿಯ ಲೆಕ್ಕ

ಉತ್ತರ ಸಮುದ್ರ ಹತ್ತಿರವೇ ಇರುವುದರಿಂದ ಇಲ್ಲಿ ವರ್ಷದ ಹೆಚ್ಚಿನ ದಿನ ಗಾಳಿ ಬೀಸುವುದು ನೈಋತ್ಯ ಅಥವಾ ಪಶ್ಚಿಮದಿಂದ. ಬ್ರೂಜ್‌ನಿಂದ ಗೆಂಟ್ ಇರುವುದು ಪೂರ್ವಕ್ಕೆ, ತುಸು ಆಗ್ನೇಯಕ್ಕೆ ವಾಲಿದಂತೆ. ಪಶ್ಚಿಮದ ಗಾಳಿ ಬೆನ್ನಿಗೆ ಬೀಳುತ್ತದೆ, ನೈಋತ್ಯದ್ದು ಬಲಗಡೆಯಿಂದ ಅಡ್ಡಕ್ಕೆ ಹೊಡೆಯುತ್ತದೆ. ಹೀಗಾಗಿ ಸಾಮಾನ್ಯ ದಿನಗಳಲ್ಲಿ ಬ್ರೂಜ್‌ನಿಂದ ಹೊರಡುವುದು ಜಾಣತನ. ವಸಂತಕಾಲದಲ್ಲಿ ಆಕಾಶ ತಿಳಿಯಾಗಿ ಒಣಹವೆ ನಿಂತ ದಿನಗಳಲ್ಲಿ ಮಾತ್ರ ಗಾಳಿ ಪೂರ್ವಕ್ಕೆ ತಿರುಗುವುದುಂಟು. ಅಂಥ ದಿನ ಬೆಳಗ್ಗೆಯೇ ಸೈಕಲ್ಲನ್ನು ರೈಲಿಗೆ ಹಾಕಿ ಗೆಂಟ್‌ಗೆ ಹೋಗಿ, ಅಲ್ಲಿಂದ ಬ್ರೂಜ್ ಕಡೆಗೆ ತುಳಿಯಿರಿ. ರೈಲಿಗೆ ಹಿಡಿಯುವುದು ಅರ್ಧ ಗಂಟೆ ಅಷ್ಟೆ.

ಎದುರುಗಾಳಿಯಲ್ಲಿ ಎಲ್ಲರೂ ಮಾಡುವ ತಪ್ಪು ಮೊದಲಿನ ವೇಗವನ್ನೇ ಹಿಡಿದುಕೊಳ್ಳಲು ಹೋಗುವುದು. ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋಗುವವರಿಗೆ 20 ಕಿ.ಮೀ. ಗಾಳಿ ಎದುರಾದರೆ ಮೈಗೆ ಬಡಿಯುವ ಗಾಳಿ 38 ಕಿ.ಮೀ. ಗಾಳಿಯ ತಡೆ ಈ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುವುದರಿಂದ, ಗಾಳಿ ಇಲ್ಲದಾಗ ಇದ್ದುದರ ನಾಲ್ಕು ಪಟ್ಟಿಗೂ ಮೀರುತ್ತದೆ. ವೇಗವನ್ನು 12ಕ್ಕೆ ಇಳಿಸಿದರೆ ಗಾಳಿಗೆ ಸುರಿಯುವ ಶಕ್ತಿ ಅರ್ಧದಷ್ಟಾಗುತ್ತದೆ. ಒಂದೆರಡು ಗೇರ್ ಇಳಿಸಿ, ಪೆಡಲು ಹಗುರಾಗಿ ತಿರುಗಲಿ, ಮೈ ಸ್ವಲ್ಪ ಬಾಗಲಿ. ಇಬ್ಬರಿದ್ದರೆ ಹತ್ತು ನಿಮಿಷಕ್ಕೊಮ್ಮೆ ಮುಂದಿರುವವರು ಬದಲಾಗಲಿ. ಗಾಳಿಗೆ ಬೀಸಿ ಹಾರಾಡುವ ಮಳೆಕೋಟು ಮತ್ತು ಕ್ಯಾರಿಯರ್ ಮೇಲೆ ಎತ್ತರಕ್ಕೆ ಕಟ್ಟಿದ ಚೀಲ ಎರಡೂ ಹಾಯಿಯಂತೆ ಕೆಲಸ ಮಾಡುತ್ತವೆ. ಸಾಮಾನು ಏನಿದ್ದರೂ ಕ್ಯಾರಿಯರಿನ ಎರಡೂ ಬದಿಗೆ ತಗ್ಗಿನಲ್ಲಿ ತೂಗಿಬಿಡಿ.

ಮಳೆ ಇಲ್ಲಿ ದಿನವಿಡೀ ಸುರಿಯುವುದಕ್ಕಿಂತ ಬಂದು ಹೋಗುವುದೇ ಹೆಚ್ಚು. ಮಳೆ ರಡಾರ್ ತೋರಿಸುವ ಆ್ಯಪ್ ಒಂದಿದ್ದರೆ, ಮೋಡದ ಪಟ್ಟಿ ದಾಟುವವರೆಗೆ ಸೇತುವೆಯ ಕೆಳಗೆ ಇಪ್ಪತ್ತು ನಿಮಿಷ ನಿಂತು ಒಣಗಿದ ಮೈಯಲ್ಲೇ ಊರು ಸೇರಬಹುದು.

ಸೈಕಲ್ಲು

ಬಾಡಿಗೆಗೆ ಸಿಗುವುದು ಸಾಮಾನ್ಯವಾಗಿ ನೆಟ್ಟಗೆ ಕೂತು ತುಳಿಯುವ ಸಿಟಿ ಸೈಕಲ್: ಹಿಂದಿನ ಚಕ್ರದ ಹಬ್ಬಿನೊಳಗೆ ಮೂರು ಅಥವಾ ಏಳು ಗೇರು, ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ರೂಢಿ ಇಲ್ಲದವರು ಸಿಗ್ನಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ಸರಿಪಡಿಸಿಕೊಳ್ಳಲು ಹೋಗಿ ಗಕ್ಕನೆ ನಿಲ್ಲುತ್ತಾರೆ. ಅಂಗಡಿಯ ಮುಂದೆಯೇ ಐದು ಸುತ್ತು ಹಾಕಿ ಕಾಲಿಗೆ ಅಭ್ಯಾಸ ಮಾಡಿಸಿ. 50 ಕಿ.ಮೀ.ಗೆ ಮೂರು ಗೇರು ಸಾಲದು. ಏಳು ಗೇರಿನದನ್ನೇ ಕೇಳಿ ಪಡೆಯಿರಿ, ಮೇಲೆ ಕೊಡುವ ದುಡ್ಡು ಗಾಳಿ ಬಂದಾಗ ವಸೂಲಾಗುತ್ತದೆ. ಒಂದೂರಿನಲ್ಲಿ ಪಡೆದ ಸೈಕಲ್ಲನ್ನು ಇನ್ನೊಂದೂರಿನಲ್ಲಿ ಬಿಡಲು ಹೆಚ್ಚಿನ ಅಂಗಡಿಗಳು ಒಪ್ಪುವುದಿಲ್ಲ. ರೈಲಿನಲ್ಲಿ ವಾಪಸ್ ತರುವ ಲೆಕ್ಕವನ್ನು ಮೊದಲೇ ಇಟ್ಟುಕೊಳ್ಳಿ.

ಹೊರಡುವ ಮುಂಚೆ ನೋಡಬೇಕಾದ್ದು:

ಸೀಟು: ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೂರ್ತಿ ಕೆಳಕ್ಕೆ ಒತ್ತಿದಾಗ ಕಾಲು ನೆಟ್ಟಗಾಗಬೇಕು. ಬಾಡಿಗೆಯವರು ಸುರಕ್ಷತೆಗೆಂದು ತಗ್ಗಿಸಿಯೇ ಕೊಡುತ್ತಾರೆ, ಹಾಗೇ ಹೋದರೆ 30ನೇ ಕಿ.ಮೀ.ಗೆ ಮಂಡಿ ಮಾತಾಡುತ್ತದೆ.

ಟೈರು: 37ರಿಂದ 42 ಮಿ.ಮೀ. ಅಗಲದ್ದು ಈ ದಾರಿಗೆ ಹೇಳಿ ಮಾಡಿಸಿದ್ದು. 75 ಕೆ.ಜಿ. ತೂಕದವರಿಗೆ ಸುಮಾರು 3.5 ಬಾರ್ ಗಾಳಿ ಸಾಕು, ಟೈರಿನ ಬದಿಯಲ್ಲಿ ಅಚ್ಚಾದ ಮಿತಿ ಮೀರಬೇಡಿ. ಕಲ್ಲೆಂದು ಬಿಗಿದರೆ ಕಲ್ಲುಹಾಸಿನಲ್ಲಿ ಹಲ್ಲು ಕಟಕಟ ಅನ್ನುತ್ತದೆ, ತೀರ ಕಡಿಮೆ ಇದ್ದರೆ ಫುಟ್‌ಪಾತಿನ ಅಂಚಿಗೆ ಬಡಿದು ಟ್ಯೂಬು ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ.

ಬೆಲ್ಲು ಮತ್ತು ದೀಪ: ಬೆಲ್ಲು ಕಾನೂನಿನ ಪ್ರಕಾರ ಇರಲೇಬೇಕು. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇಲ್ಲದೆ ಹೊರಡುವಂತಿಲ್ಲ. ಹೆಲ್ಮೆಟ್ ಕಡ್ಡಾಯವಲ್ಲ. ಕಲ್ಲುಹಾಸು ಮತ್ತು ಟ್ರಾಮ್ ಹಳಿ ಎರಡೂ ಇರುವ ದಾರಿಯಾದ್ದರಿಂದ ಹಾಕಿಕೊಳ್ಳುವುದೇ ಸರಿ.

ಜೊತೆಗೆ ಒಂದು ಟ್ಯೂಬು, ಪಂಕ್ಚರ್ ಪ್ಯಾಚು, ಸಲ್ಯೂಷನ್, ಮರಳು ಕಾಗದ, ಎರಡು ಟೈರ್ ಲಿವರು, ಸಣ್ಣ ಪಂಪು, 4 ಮತ್ತು 5 ಮಿ.ಮೀ. ಅಲೆನ್ ಕೀ, 15 ಮಿ.ಮೀ. ಸ್ಪ್ಯಾನರು. ಪಂಪು ವಾಲ್ವಿಗೆ ಹೊಂದುತ್ತದೆಯೇ ಎಂದು ಅಲ್ಲೇ ಹಚ್ಚಿ ನೋಡಿ. ಇಲ್ಲಿನ ಸಿಟಿ ಸೈಕಲ್ಲುಗಳಲ್ಲಿ ಹಳೇ ಮಾದರಿಯ ಡನ್‌ಲಪ್ ವಾಲ್ವ್ ಇನ್ನೂ ಬಳಕೆಯಲ್ಲಿದೆ. ಕಾರಿನ ವಾಲ್ವಿಗೆ ಹೊಂದುವ ಪಂಪಿನ ಬಾಯಿ ಅದಕ್ಕೆ ಕೂರುವುದಿಲ್ಲ, ರೇಸ್ ಸೈಕಲ್ಲಿನ ಪ್ರೆಸ್ಟಾ ವಾಲ್ವಿನದು ಕೂರುತ್ತದೆ.

ಸಂಖ್ಯೆ ಹಿಡಿದು ದಾರಿ

ಈ ಎರಡೂ ಊರುಗಳಿರುವ, ಡಚ್ ಮಾತಾಡುವ ಉತ್ತರ ಬೆಲ್ಜಿಯಂ ಅಂದರೆ ಫ್ಲಾಂಡರ್ಸ್‌ನಲ್ಲಿ ದಾರಿ ಹುಡುಕಲು ಮೊಬೈಲ್ ಪರದೆಯನ್ನು ದಿಟ್ಟಿಸುತ್ತಾ ಕೂರಬೇಕಿಲ್ಲ. ಸೈಕಲ್ ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಇದೆ. ಡಚ್ಚಿನಲ್ಲಿ ಅದಕ್ಕೆ 'ಕ್ನೋಪ್‌ಪುಂಟ್' ಅನ್ನುತ್ತಾರೆ, ಅಂದರೆ ಗಂಟು ಬಿದ್ದ ಜಾಗ. ಗಣಿ ಎಂಜಿನಿಯರ್ ಆಗಿದ್ದ ಹ್ಯೂಗೊ ಬೊಲೆನ್ ಯೋಚಿಸಿದ ಈ ವ್ಯವಸ್ಥೆ 1995ರಲ್ಲಿ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ ಶುರುವಾಗಿ, ಆಮೇಲೆ ಇಡೀ ಫ್ಲಾಂಡರ್ಸ್ ಮತ್ತು ನೆದರ್ಲೆಂಡ್ಸಿಗೆ ಹಬ್ಬಿತು.

ಬಳಸುವ ಬಗೆ ಸರಳ. ರಾತ್ರಿಯೇ ಆನ್‌ಲೈನ್ ಪ್ಲಾನರಿನಲ್ಲಿ ಬ್ರೂಜ್‌ನಿಂದ ಗೆಂಟ್‌ವರೆಗೆ ಸಂಖ್ಯೆಗಳನ್ನು ಒಂದರ ಹಿಂದೊಂದು ಆರಿಸಿ, ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಹ್ಯಾಂಡಲ್ಲಿಗೆ ಪಾರದರ್ಶಕ ಟೇಪಿನಿಂದ ಅಂಟಿಸಿ. ದಾರಿಯಲ್ಲಿ ಮುಂದಿನ ಸಂಖ್ಯೆ ಮತ್ತು ಬಾಣದ ಗುರುತಿರುವ ಫಲಕ ಸಿಗುತ್ತಾ ಹೋಗುತ್ತದೆ. ಆ ಸಂಖ್ಯೆಗೆ ಮುಟ್ಟಿದ ಮೇಲೆ ಚೀಟಿಯಲ್ಲಿ ಅದರ ಮುಂದಿನದನ್ನು ಹಿಡಿಯಿರಿ. ಒಂದೇ ಸಂಖ್ಯೆ ಬೇರೆ ಬೇರೆ ಕಡೆ ಮತ್ತೆ ಬರುತ್ತದೆ, ಆದ್ದರಿಂದ ಸಂಖ್ಯೆಯ ಪಕ್ಕ ಊರಿನ ಹೆಸರೂ ಇರಲಿ. ಎರಡು ತಿರುವು ಕಳೆದರೂ ಫಲಕ ಕಾಣದಿದ್ದರೆ ಎಲ್ಲೋ ತಪ್ಪಿದ್ದೀರಿ, ಕೊನೆಯ ಫಲಕಕ್ಕೆ ಹಿಂದಿರುಗಿ. ಮರದ ಕೊಂಬೆ ಮುಚ್ಚಿದ ಫಲಕಗಳೇ ಹೆಚ್ಚಿನವರನ್ನು ದಾರಿ ತಪ್ಪಿಸುವುದು.

ಮೂರು ಡಚ್ ಪದ ಗೊತ್ತಿದ್ದರೆ ಸಾಕು. 'ಔಟ್‌ಗೆಜೋಂಡರ್ಡ್' ಅಂದರೆ 'ಹೊರತುಪಡಿಸಿ'. ಒಳಬರಬೇಡಿ ಅನ್ನುವ ಫಲಕದ ಕೆಳಗೆ ಸೈಕಲ್ ಚಿತ್ರದ ಜೊತೆ ಈ ಪದ ಇದ್ದರೆ ಒನ್‌ವೇಯಲ್ಲಿ ನೀವು ಎದುರಿನಿಂದ ಹೋಗಬಹುದು. 'ಓಮ್‌ಲೈಡಿಂಗ್' ಅಂದರೆ ಬದಲಿ ದಾರಿ. ಕಾಲುವೆ ದಂಡೆಯ ದುರಸ್ತಿ ಆಗಾಗ ನಡೆಯುತ್ತಿರುತ್ತದೆ, ಈ ಫಲಕ ಕಂಡಾಗ ಹಟ ಮಾಡದೆ ಅದು ತೋರಿಸಿದತ್ತ ತಿರುಗಿ. 'ಆಫ್‌ಸ್ಟಾಪ್ಪೆನ್' ಅಂದರೆ ಇಳಿದು ತಳ್ಳಿಕೊಂಡು ನಡೆಯಿರಿ.

ಬ್ರೂಜ್ ಬಿಡುವುದು

ಬ್ರೂಜ್ ಹಳೇ ಪೇಟೆ 2000ನೇ ಇಸವಿಯಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮಾರ್ಕ್‌ಟ್ ಚೌಕದ ಗಂಟೆ ಗೋಪುರ 83 ಮೀಟರ್ ಎತ್ತರ, 366 ಮೆಟ್ಟಿಲು. ಹತ್ತಬೇಕೆನಿಸಿದರೆ ಹಿಂದಿನ ಸಂಜೆಯೇ ಹತ್ತಿಬಿಡಿ, ತೊಡೆಯಲ್ಲಿರುವ ಕಸುವನ್ನು ಬೆಳಗ್ಗೆ ಮೆಟ್ಟಿಲಿಗೆ ಸುರಿದು ಆಮೇಲೆ ಸೈಕಲ್ ಏರುವುದು ಲೆಕ್ಕಕ್ಕೆ ಬರುವುದಿಲ್ಲ. 9 ಗಂಟೆಯ ಒಳಗೆ ಊರು ಬಿಟ್ಟರೆ ಪ್ರವಾಸಿ ಗುಂಪುಗಳಿಗಿಂತ ಮುಂಚೆಯೇ ಚೌಕ ದಾಟಿರುತ್ತೀರಿ.

ಈ ಪೇಟೆಯ ಕಲ್ಲುಹಾಸಿನ ಮೇಲೆ ಸೈಕಲ್ ನಡೆಸುವುದಕ್ಕೆ ಒಂದು ಹದ ಇದೆ. ಬೀದಿಯ ನಡುಭಾಗ ತುಸು ಉಬ್ಬಿ, ಕಲ್ಲುಗಳು ಒತ್ತೊತ್ತಾಗಿ ಇರುತ್ತವೆ. ನೀರು ಹರಿಯುವ ಅಂಚಿನಲ್ಲಿ ಸಂದು ಬಿಟ್ಟು ಕುಸಿದಿರುತ್ತವೆ. ವಾಹನ ಇಲ್ಲದಾಗ ನಡುಭಾಗ ಹಿಡಿಯಿರಿ. ಹ್ಯಾಂಡಲ್ಲನ್ನು ಬಿಗಿಯಾಗಿ ಅವುಚಿದಷ್ಟೂ ನಡುಕ ತೋಳಿಗೆ ಏರುತ್ತದೆ, ಬೆರಳು ಸಡಿಲವಿರಲಿ, ಮೊಣಕೈ ತುಸು ಮಡಿಸಿರಲಿ. ಒಂದು ಗೇರು ಭಾರ ಮಾಡಿ ಹದವಾದ ವೇಗ ಕಾಯ್ದುಕೊಂಡರೆ ಚಕ್ರ ಕಲ್ಲಿನಿಂದ ಕಲ್ಲಿಗೆ ಹಾಯುತ್ತದೆ, ತೀರಾ ನಿಧಾನಿಸಿದರೆ ಪ್ರತಿ ಸಂದಿನಲ್ಲೂ ಇಳಿದು ಹತ್ತುತ್ತದೆ. ಮಳೆ ಬಿದ್ದ ಕಲ್ಲು ಸೋಪು ಹಚ್ಚಿದ ಹಾಗೆ, ಬ್ರೇಕು ಏನಿದ್ದರೂ ತಿರುವಿಗೆ ಮುಂಚೆಯೇ ಹಿಡಿದು ಬಿಟ್ಟಿರಬೇಕು. ಪೇಟೆ ದಾಟಿದ ಕೂಡಲೇ ಇಳಿದು ಕ್ಯಾರಿಯರ್ ಮತ್ತು ಮಡ್‌ಗಾರ್ಡಿನ ಬೋಲ್ಟ್ ಮುಟ್ಟಿ ನೋಡಿ. ಸಡಿಲವಾಗುವುದಿದ್ದರೆ ಈ ಎರಡು ಕಿ.ಮೀ.ಯಲ್ಲೇ ಆಗಿರುತ್ತದೆ.

ಗೆಂಟ್‌ಪೋರ್ಟ್ ಎಂಬ ಹಳೇ ಕೋಟೆಬಾಗಿಲಿನ ಕಡೆಯಿಂದ ಹೊರಬಿದ್ದು, ಊರು ಸುತ್ತುವ ನೀರಿನ ಕಂದಕ ದಾಟಿ, ದಕ್ಷಿಣಕ್ಕೆ ಸ್ಟೇನ್‌ಬ್ರುಗ್ಗೆ ದಿಕ್ಕಿನಲ್ಲಿ ಕಾಲುವೆ ಹಿಡಿಯಿರಿ. ಇದೇ ಗೆಂಟ್-ಬ್ರೂಜ್ ಕಾಲುವೆ, 17ನೇ ಶತಮಾನದ ಮೊದಲ ದಶಕಗಳಲ್ಲಿ ತೋಡಿದ್ದು. ದಂಡೆಯ ದಾರಿಗೆ 'ಯಾಗ್‌ಪಾಡ್' ಅನ್ನುತ್ತಾರೆ. ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳು ನಡೆದ ಹಾದಿ ಅದು, ಅದಕ್ಕೇ ಅಷ್ಟು ಸಮತಟ್ಟು.

ಬ್ರೂಜ್‌ನ ಈಶಾನ್ಯಕ್ಕಿರುವ ಡಾಮ್ಮೆ ಎಂಬ ಪುಟ್ಟ ಊರನ್ನೂ ಇದೇ ದಿನಕ್ಕೆ ತುರುಕಬೇಕೆಂದು ಹಲವರಿಗೆ ಆಸೆ. ನೆಪೋಲಿಯನ್ ಕಾಲದಲ್ಲಿ ಶುರುವಾದ ಕಾಲುವೆ, ಗಾಳಿಗೆ ವಾಲಿ ನಿಂತ ಪಾಪ್ಲರ್ ಮರದ ಸಾಲು, 15ನೇ ಶತಮಾನದ ಪುರಭವನ, ಎಲ್ಲವೂ ಚಂದ. ಆದರೆ ಅದು ಗೆಂಟ್‌ಗೆ ವಿರುದ್ಧ ದಿಕ್ಕು, ಹೋಗಿಬರುವುದಕ್ಕೆ 14 ಕಿ.ಮೀ. ಕೂಡುತ್ತದೆ. ಹಿಂದಿನ ದಿನ ಮಧ್ಯಾಹ್ನ ಹೋಗಿಬಂದು, ಕೈಗೆ ಸಿಕ್ಕ ಸೈಕಲ್ಲಿನ ಪರೀಕ್ಷೆಯನ್ನೂ ಅಲ್ಲೇ ಮಾಡಿ ಮುಗಿಸುವುದು ಒಳ್ಳೆಯದು.

ಕಾಲುವೆಯ ದಂಡೆಯಲ್ಲಿ

ಮೊದಲು ಮೂರ್‌ಬ್ರುಗ್ಗೆ, 1944ರ ಸೆಪ್ಟೆಂಬರಿನಲ್ಲಿ ಕೆನಡಾದ ಪಡೆಗಳು ಕಾದಾಡಿ ಕಾಲುವೆ ದಾಟಿದ ಜಾಗ. ಆಮೇಲೆ ಬೇರ್ನೆಮ್, ಅರ್ಧ ದಾರಿಗೆ ಆಲ್ಟರ್, ನಂತರ ಬೆಲ್ಲೆಮ್, ಹಾನ್ಸ್‌ಬೇಕೆ, ಲೋವೆಂಡೆಗೆಮ್. ಕಾಲುವೆಯ ಎರಡೂ ದಂಡೆ ಎಲ್ಲೆಡೆಯೂ ಒಂದೇ ಹದದಲ್ಲಿಲ್ಲ, ಒಂದು ಕಡೆ ನುಣುಪಾದ ಡಾಂಬರು, ಇನ್ನೊಂದು ಕಡೆ ಕಚ್ಚಾ ಹಾದಿ. ಸಂಖ್ಯೆಯ ಫಲಕಗಳು ಸೇತುವೆ ದಾಟಿಸಿದರೆ ಅದಕ್ಕೆ ಕಾರಣ ಇರುತ್ತದೆ. ಬ್ರೂಜ್ ಸಮೀಪದ ಕೆಲವು ಸೇತುವೆಗಳು ಸರಕು ದೋಣಿ ಬಂದಾಗ ಎದ್ದು ನಿಲ್ಲುತ್ತವೆ, ಕೆಂಪು ದೀಪ ಕಂಡರೆ ನೀರು ಕುಡಿಯಲು ಒಳ್ಳೆಯ ಸಮಯ.

ದಂಡೆಯಲ್ಲಿ ಕಾರು ಅಪರೂಪ, ಅಪಾಯ ಬೇರೆ ಥರದ್ದು. ಕಾರು ನುಗ್ಗದಂತೆ ಹಾದಿಯ ನಟ್ಟನಡುವೆ ನೆಟ್ಟ ಕಂಬಗಳು ಗುಂಪಿನಲ್ಲಿ ಹೋಗುವಾಗ ಹಿಂದಿನವರಿಗೆ ಕಾಣುವುದಿಲ್ಲ, ಮುಂದಿರುವವರು ಕೈ ತೋರಿಸಿ ಕೂಗಬೇಕು. ಗಾಳ ಹಾಕಿ ಕೂತವರ ಕೋಲು ಹಾದಿಗೆ ಅಡ್ಡ ಚಾಚಿರಬಹುದು. ಬಾತುಗಳು ಕೂರುವ ಜಾಗದಲ್ಲಿ ಹಿಕ್ಕೆ ಜಾರುತ್ತದೆ. ಭಾನುವಾರ ಬೆಳಗ್ಗೆ ರೇಸ್ ಸೈಕಲ್ಲಿನವರ ತಂಡಗಳು ಗಂಟೆಗೆ 35 ಕಿ.ಮೀ. ವೇಗದಲ್ಲಿ ಬರುತ್ತವೆ. ಬಲಕ್ಕೆ ಸರಿದು ನೇರ ಹೋಗುತ್ತಿರಿ, ಹಿಂದಿರುಗಿ ನೋಡಲು ಹೋಗಿ ಎಡಕ್ಕೆ ವಾಲಿದರೆ ಡಿಕ್ಕಿ ಖಚಿತ.

ಹಾನ್ಸ್‌ಬೇಕೆ ಮತ್ತು ಲೋವೆಂಡೆಗೆಮ್ ನಡುವೆ ಸ್ಕಿಪ್‌ಡಾಂಕ್ ಕಾಲುವೆ ಉತ್ತರ-ದಕ್ಷಿಣವಾಗಿ ಬಂದು ಸೇರುತ್ತದೆ. 'ಕಾಲುವೆ ಹಿಡಿದು ಹೋದರಾಯಿತು' ಎಂದು ನಂಬಿದವರು ಇಲ್ಲೇ ತಪ್ಪು ನೀರಿನ ಜೊತೆ ಹೊರಟುಬಿಡುವುದು. ನಿಂತು ಫಲಕ ನೋಡಿ, ದಿಕ್ಕು ಪೂರ್ವಕ್ಕಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಊಟದ ಲೆಕ್ಕಕ್ಕೆ ಆಲ್ಟರ್ ಸರಿಯಾದ ಜಾಗ. ಇಲ್ಲಿನ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ 12ರಿಂದ 2ರವರೆಗೆ, ಮತ್ತೆ ಸಂಜೆ 6ರ ಮೇಲೆ. ಎರಡೂವರೆಗೆ ಹೋದರೆ ಕಾಫಿಯಷ್ಟೇ ಗತಿ. ಭಾನುವಾರ ಅಂಗಡಿಗಳು ಮುಚ್ಚಿರುವುದು ಸಾಮಾನ್ಯ, ಸೋಮವಾರ ಹಲವು ಹೋಟೆಲುಗಳಿಗೆ ರಜೆ. ಬ್ರೂಜ್‌ನಲ್ಲೇ ಬ್ರೆಡ್ಡು, ಚೀಸು, ಹಣ್ಣು ಕಟ್ಟಿಸಿಕೊಂಡರೆ ಈ ಯಾವ ತಾಪತ್ರಯವೂ ಇಲ್ಲ. ಒಬ್ಬರಿಗೆ ಒಂದೂವರೆ ಲೀಟರ್ ನೀರು ಬೇಕು. ದಂಡೆಯಲ್ಲಿ ನಲ್ಲಿ ಸಿಗುವುದಿಲ್ಲ. ಬಿಯರ್ ವಿಷಯದಲ್ಲಿ ಒಂದು ಎಚ್ಚರ: ಇಲ್ಲಿನ ಟ್ರಿಪೆಲ್ ಬಿಯರಿನಲ್ಲಿ ಶೇ. 8–9 ಆಲ್ಕೋಹಾಲ್ ಇರುತ್ತದೆ. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಎಂಬ ಮಿತಿ ಸೈಕಲ್ ಸವಾರರಿಗೂ ಅನ್ವಯಿಸುತ್ತದೆ. ಅದನ್ನು ಗೆಂಟ್ ಮುಟ್ಟಿ ಸೈಕಲ್ಲಿಗೆ ಬೀಗ ಹಾಕಿದ ಮೇಲಕ್ಕೆ ಉಳಿಸಿಕೊಳ್ಳಿ.

ಪಂಕ್ಚರ್ ಆದರೆ

ಬೇಲಿ ಕತ್ತರಿಸಿದ ಮುಳ್ಳು, ಗಾಜಿನ ಚೂರು ಇಲ್ಲಿ ಮಾಮೂಲಿ. ಹಬ್ ಗೇರಿನ ಸೈಕಲ್ಲಿನಲ್ಲಿ ಹಿಂದಿನ ಚಕ್ರ ಕಳಚುವುದೆಂದರೆ ಗೇರಿನ ತಂತಿ, ಬ್ರೇಕಿನ ತೋಳು, ಚೈನ್ ಕವಚ ಎಲ್ಲ ಬಿಚ್ಚಬೇಕು. ಕಳಚಬೇಡಿ. ಚಕ್ರ ಇದ್ದಲ್ಲಿಯೇ ಪ್ಯಾಚು ಹಾಕಬಹುದು.

ಮೊದಲು ಚಕ್ರ ನಿಧಾನಕ್ಕೆ ತಿರುಗಿಸಿ ಮುಳ್ಳು ಕಾಣುತ್ತದೆಯೇ ನೋಡಿ. ಕಂಡರೆ ಆ ಜಾಗವನ್ನು ರಿಮ್ಮಿನ ಮೇಲೆ ಪೆನ್ನಿನಲ್ಲಿ ಗುರುತಿಟ್ಟು ಆಮೇಲೆ ಕೀಳಿ. ಗಾಳಿ ಪೂರ್ತಿ ತೆಗೆದು, ಚೈನ್ ಇಲ್ಲದ ಬದಿಯಿಂದ ಲಿವರ್ ಹಾಕಿ ಟೈರಿನ ಒಂದೇ ಅಂಚನ್ನು ರಿಮ್ಮಿನಿಂದ ಹೊರಗೆ ತನ್ನಿ. ಟ್ಯೂಬನ್ನು ಆ ಭಾಗದಲ್ಲಿ ಮಾತ್ರ ಎಳೆದುಕೊಂಡು ಸ್ವಲ್ಪ ಗಾಳಿ ತುಂಬಿ. ಸದ್ದಿಗೆ ಕಿವಿ ಕೊಡಿ, ಇಲ್ಲವೆ ಎಂಜಲು ಸವರಿ ಗುಳ್ಳೆ ನೋಡಿ. ಹತ್ತಿರ ಹತ್ತಿರ ಎರಡು ತೂತಿದ್ದರೆ ಅದು ಮುಳ್ಳಿನದಲ್ಲ, ಗಾಳಿ ಕಡಿಮೆಯಾಗಿ ರಿಮ್ಮಿಗೆ ಸಿಕ್ಕಿದ್ದು.

ತೂತಿನ ಸುತ್ತ ಪ್ಯಾಚಿಗಿಂತ ದೊಡ್ಡ ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಹೊಳಪು ಹೋಗಬೇಕು. ಸಲ್ಯೂಷನ್ನನ್ನು ತೆಳ್ಳಗೆ ಹಚ್ಚಿ ಕಾಯಿರಿ. ಹೆಚ್ಚಿನ ಪ್ಯಾಚು ಕಿತ್ತುಬರುವುದು ಈ ಕಾಯುವಿಕೆ ಸಾಲದೆ. ಹಸಿಯಾಗಿ ಮಿರುಗುವಾಗಲೇ ಅಂಟಿಸಿದರೆ ಒಳಗೆ ಸಿಕ್ಕಿಕೊಂಡ ದ್ರಾವಣ ಪ್ಯಾಚನ್ನು ಜಾರಿಸುತ್ತದೆ. ಮೂರರಿಂದ ಐದು ನಿಮಿಷದಲ್ಲಿ ಮಿರುಗು ಮಾಸುತ್ತದೆ, ಗಾಳಿಯ ತಂಪಿನಲ್ಲಿ ಇನ್ನೂ ತುಸು ಹೊತ್ತು. ಆಗ ಪ್ಯಾಚು ಇಟ್ಟು ನಡುವಿನಿಂದ ಅಂಚಿಗೆ ಹೆಬ್ಬೆರಳಿನಿಂದ ಒತ್ತಿ. ಆರುವಷ್ಟರಲ್ಲಿ ಟೈರಿನ ಒಳಮೈಯನ್ನು ಬಟ್ಟೆ ಸುತ್ತಿದ ಬೆರಳಿನಿಂದ ಸವರಿ ನೋಡಿ. ಚೂರು ಅಲ್ಲೇ ಉಳಿದಿದ್ದರೆ ಅರ್ಧ ಕಿ.ಮೀ.ಗೆ ಮತ್ತೆ ಅದೇ ಕೆಲಸ. ಟೈರು ಕೂರಿಸುವಾಗ ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ, ಕೊನೆಯ ಗೇಣನ್ನು ಲಿವರಿನಿಂದಲ್ಲ, ಹೆಬ್ಬೆರಳಿನಿಂದಲೇ ಒಳಗೆ ತಳ್ಳಿ. ಲಿವರು ಹಾಕಿದರೆ ಹೊಸ ತೂತು.

ಸರಿಹೋಗದಿದ್ದರೆ ಚಿಂತೆ ಬೇಡ. ಬ್ರೂಜ್-ಗೆಂಟ್ ರೈಲು ಮಾರ್ಗ ಕಾಲುವೆಯ ದಕ್ಷಿಣಕ್ಕೆ ಕೆಲವೇ ಕಿ.ಮೀ. ಅಂತರದಲ್ಲಿ ಜೊತೆಯಲ್ಲೇ ಸಾಗುತ್ತದೆ. ಬೇರ್ನೆಮ್, ಆಲ್ಟರ್, ಬೆಲ್ಲೆಮ್, ಹಾನ್ಸ್‌ಬೇಕೆ, ಲಾಂಡೆಗೆಮ್ ಎಲ್ಲಕ್ಕೂ ನಿಲ್ದಾಣವಿದೆ. ತಳ್ಳಿಕೊಂಡು ಹೋಗಿ ರೈಲು ಹತ್ತಿ. ಸಣ್ಣ ನಿಲ್ದಾಣಗಳಲ್ಲಿ ವೇಗದ ರೈಲು ನಿಲ್ಲುವುದಿಲ್ಲ ಅನ್ನುವುದು ನೆನಪಿರಲಿ. ಗಾಯವಾದರೆ 112.

ಬಲದವರಿಗೆ ಮೊದಲ ಹಕ್ಕು

ಬೆಲ್ಜಿಯಂನಲ್ಲಿ ವಾಹನ ಬಲಬದಿಯಲ್ಲಿ ಚಲಿಸುತ್ತದೆ. ಫಲಕವಾಗಲಿ ಸಿಗ್ನಲ್ಲಾಗಲಿ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೇ ಮೊದಲ ಹಕ್ಕು, ಎಷ್ಟೇ ಚಿಕ್ಕ ಓಣಿಯಿಂದ ಬಂದರೂ ಸರಿ. ಕಾಲುವೆ ಬಿಟ್ಟು ಹಳ್ಳಿಗೆ ತಿರುಗಿದಾಗ ಇದು ಮರೆತುಹೋಗುತ್ತದೆ. ನಿಮ್ಮತ್ತ ಮೊನೆ ಚಾಚಿದ ಬಿಳಿ ತ್ರಿಕೋನಗಳ ಸಾಲು ರಸ್ತೆಯಲ್ಲಿ ಕಂಡರೆ ನೀವು ನಿಂತು ದಾರಿ ಬಿಡಬೇಕು. ನೀಲಿ ದುಂಡು ಫಲಕದಲ್ಲಿ ಸೈಕಲ್ ಚಿತ್ರವಿದ್ದರೆ ಸೈಕಲ್ ಪಥವನ್ನೇ ಬಳಸಬೇಕು, ರಸ್ತೆ ಬೇಡ. ಸವಾರಿ ಮಾಡುತ್ತಾ ಫೋನ್ ಕೈಯಲ್ಲಿ ಹಿಡಿದರೆ ದಂಡ.

ಗೆಂಟ್ ಒಳಗೆ

ಮರಿಯಾಕರ್ಕೆ ಬಳಿ ಊರನ್ನು ಸುತ್ತುವ ದೊಡ್ಡ ಕಾಲುವೆ ದಾಟಿ, 'ಬ್ರುಗ್ಸೆ ಫಾರ್ಟ್' (ಅಂದರೆ ಬ್ರೂಜ್ ಕಾಲುವೆ) ಹಿಡಿದು ಬಂದರೆ ಕೂಪ್ಯೂರ್ ಸಿಗುತ್ತದೆ. 18ನೇ ಶತಮಾನದ ನಡುವಿನಲ್ಲಿ ಬ್ರೂಜ್ ಕಾಲುವೆಯನ್ನು ಲೈ ನದಿಗೆ ಜೋಡಿಸಲು ತೋಡಿದ ನೀರು ಅದು. ಈಗ ಅದರ ದಡ ಊರಿನ ಅತ್ಯುತ್ತಮ ಸೈಕಲ್ ದಾರಿ. ಹೆದ್ದಾರಿಯ ಫಲಕ ಹಿಡಿದು ಒಳಬರುವುದಕ್ಕಿಂತ ಇದು ಎಷ್ಟೋ ವಾಸಿ. ನಡುಪೇಟೆಯೊಳಗೆ ಕಾರುಗಳು ಅಡ್ಡಹಾಯದಂತೆ 2017ರಲ್ಲಿ ಸಂಚಾರವನ್ನೇ ಬದಲಿಸಿದ್ದರಿಂದ ಬೀದಿಗಳು ಹಗುರಾಗಿವೆ.

ಉಳಿದ ಅಪಾಯ ಟ್ರಾಮ್ ಹಳಿ. ಹಳಿಯ ಸಂದಿಗೆ 40 ಮಿ.ಮೀ. ಟೈರು ಕೂಡ ಇಳಿದುಬಿಡಬಹುದು, ಇಳಿದರೆ ಹ್ಯಾಂಡಲ್ಲು ತಿರುಗುವುದಿಲ್ಲ, ನೀವು ಬೀಳುತ್ತೀರಿ. ಹಳಿಯನ್ನು ಆದಷ್ಟು ನೇರ ಅಡ್ಡಕ್ಕೆ ದಾಟಿ. ಓರೆಯಾಗಿ ದಾಟಲೇಬೇಕಾದ ಜಾಗದಲ್ಲಿ ಮೊದಲು ಹೊರಕ್ಕೆ ಸರಿದು ಕೋನ ದೊಡ್ಡದು ಮಾಡಿಕೊಳ್ಳಿ. ಎರಡು ಹಳಿಯ ನಡುವೆ ಸಿಕ್ಕಿ ಹಿಂದೆ ಟ್ರಾಮ್ ಬಂದರೆ ಗಾಬರಿಯಲ್ಲಿ ಪಕ್ಕಕ್ಕೆ ಎಳೆಯಬೇಡಿ. ನಿಂತು, ಇಳಿದು, ಸೈಕಲ್ ಎತ್ತಿಕೊಂಡು ಸರಿಯಿರಿ. ನಡುಪೇಟೆಯ ಕೋರೆನ್‌ಮಾರ್ಕ್‌ಟ್ ಚೌಕದ ಸುತ್ತ ಇದು ಹೆಚ್ಚು. ಮಳೆಯಲ್ಲಂತೂ ಅಲ್ಲಿ ತಳ್ಳಿಕೊಂಡೇ ನಡೆಯಿರಿ, ಅಂಗಡಿ ಬೀದಿಗಳಲ್ಲಿ ಹಗಲು ಹೇಗೂ ಇಳಿಯಬೇಕಾಗುತ್ತದೆ.

ಮಧ್ಯಾಹ್ನ 3ರ ಒಳಗೆ ಮುಟ್ಟಿದರೆ ಒಂದನ್ನು ನೆಮ್ಮದಿಯಾಗಿ ನೋಡಬಹುದು, ಎರಡನ್ನಲ್ಲ. 1180ರಲ್ಲಿ ಫ್ಲಾಂಡರ್ಸ್‌ನ ದೊರೆ ಫಿಲಿಪ್ ಕಟ್ಟಿಸಿದ ಗ್ರಾವೆನ್‌ಸ್ಟೇನ್ ಕೋಟೆ ಸಂಜೆ 6ಕ್ಕೆ ಮುಚ್ಚುತ್ತದೆ, ಕೊನೆಯ ಪ್ರವೇಶ ಅದಕ್ಕೂ ಸಾಕಷ್ಟು ಮುಂಚೆ. ಸೇಂಟ್ ಬಾವೊ ಕೆಥೆಡ್ರಲಿನಲ್ಲಿರುವ ವಾನ್ ಐಕ್ ಸಹೋದರರ 1432ರ ಬಲಿಪೀಠದ ಚಿತ್ರಕ್ಕೆ ಸಮಯ ನಿಗದಿಯಾದ ಟಿಕೆಟ್ ಬೇಕು. ಗಾಳಿಯ ದಿನ ಆ ಸಮಯಕ್ಕೆ ಮುಟ್ಟುವ ಭರವಸೆ ಇರುವುದಿಲ್ಲ, ಆದ್ದರಿಂದ ತಡವಾದ ಹೊತ್ತಿನದನ್ನೇ ಆರಿಸಿ. ಚಿತ್ರದ ಒಂದು ಫಲಕ 1934ರಲ್ಲಿ ಕಳವಾಗಿ ಇಂದಿಗೂ ಸಿಕ್ಕಿಲ್ಲ, ಅಲ್ಲಿರುವುದು ನಕಲು.

ಸೈಕಲ್ ಬಿಡುವಾಗ ಹಿಂದಿನ ಚಕ್ರದ ಉಂಗುರ ಬೀಗದ ಜೊತೆಗೆ ಸರಪಳಿಯನ್ನು ಚೌಕಟ್ಟಿನೊಳಗಿಂದ ತೂರಿಸಿ, ನೆಲಕ್ಕೆ ನೆಟ್ಟ ಕಂಬಿಗೆ ಕಟ್ಟಿ. ಚೀಲ ಬಿಡಬೇಡಿ.

ವಾಪಸಾತಿಗೆ ಗೆಂಟ್-ಸಿಂಟ್-ಪೀಟರ್ಸ್ ನಿಲ್ದಾಣ, ಪೇಟೆಯಿಂದ ಸುಮಾರು 2.5 ಕಿ.ಮೀ. ದಕ್ಷಿಣಕ್ಕೆ. ನಿಮ್ಮ ಟಿಕೆಟ್ಟಿನ ಜೊತೆ ಸೈಕಲ್ಲಿಗೂ ಬೇರೆ ಟಿಕೆಟ್ ಬೇಕು, ಮಡಚುವ ಸೈಕಲ್ಲನ್ನು ಮಡಚಿದ್ದರೆ ಬೇಡ. ಸಂಜೆ 4ರಿಂದ 6ರವರೆಗೆ ಕೆಲಸ ಮುಗಿಸಿದವರ ನೂಕುನುಗ್ಗಲು, ಗೆಂಟ್‌ನಲ್ಲೇ ಊಟ ಮುಗಿಸಿ 7ರ ಮೇಲಿನ ರೈಲು ಹಿಡಿಯಿರಿ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಹೊತ್ತಿಗೆ, ಬ್ರೂಜ್ ಮುಟ್ಟಿದಾಗಲೂ ಬೆಳಕಿರುತ್ತದೆ. ಪ್ಲಾಟ್‌ಫಾರಂನಲ್ಲಿ ನಿಂತಾಗಲೇ ಚೀಲಗಳನ್ನು ಕ್ಯಾರಿಯರಿನಿಂದ ಬಿಚ್ಚಿ ಹೆಗಲಿಗೇರಿಸಿ, ಸೈಕಲ್ ಚಿತ್ರವಿರುವ ಬೋಗಿಯ ಬಾಗಿಲನ್ನು ಹುಡುಕಿ. ಕಾಣದಿದ್ದರೆ ಕಂಡಕ್ಟರನ್ನು ಕೇಳಿ, ಸೀಟಿ ಊದುವುದಕ್ಕೆ ಮುಂಚೆ ಅವರು ರೈಲಿನ ಹೊರಗೇ ನಿಂತಿರುತ್ತಾರೆ.